ನಿಂತ ಲಾರಿ ನಿಂತೇ ಇರಬೇಕಾದರೆ: ಕೆಲಸದ ವಾಹನಗಳ ಬ್ರೇಕ್ ಮತ್ತು ಹ್ಯಾಂಡ್ ಬ್ರೇಕ್ ನೋಡಿಕೊಳ್ಳುವ ಕ್ರಮ

ಸುಗ್ಗಿಯ ದಿನಗಳಲ್ಲಿ ದಾವಣಗೆರೆಯ ಯಾವುದಾದರೂ ವೇಬ್ರಿಡ್ಜ್ ಬಳಿ ಸ್ವಲ್ಪ ಹೊತ್ತು ನಿಂತವರಿಗೆ ಈ ನೋಟ ಹೊಸದಲ್ಲ. ಮೆಕ್ಕೆಜೋಳ ತುಂಬಿದ ಲಾರಿಯ ಮುಂದಿನ ಗಾಲಿಗಳು ತೂಕದ ಹಲಗೆಗೆ ಹತ್ತುವ ಇಳಿಜಾರಿನ ಮೇಲಿರುತ್ತವೆ, ಎಂಜಿನ್ ಓಡುತ್ತಲೇ ಇರುತ್ತದೆ, ಚಾಲಕ ಚೀಟಿ ತರಲು ಕೆಳಗಿಳಿದಿರುತ್ತಾನೆ, ಲಾರಿಯ ಹಿಂದೆ ಹಮಾಲರು ಹಗ್ಗ ಬಿಚ್ಚುತ್ತಿರುತ್ತಾರೆ. ಆ ಕ್ಷಣದಲ್ಲಿ ಆ ಲಾರಿಯನ್ನು ಹಿಡಿದು ನಿಲ್ಲಿಸಿರುವುದು ಏನು ಎಂದು ಕೇಳಿದರೆ ಹೆಚ್ಚಿನವರು "ಹ್ಯಾಂಡ್ ಬ್ರೇಕ್ ಹಾಕೇತಿ ಬಿಡ್ರಿ" ಎಂದು ಉತ್ತರಿಸುತ್ತಾರೆ. ಲಿವರ್ ಎಳೆದಿರುವುದು ಕಣ್ಣಿಗೆ ಕಾಣುತ್ತದೆ. ಅದು ಯಾವ ಗಾಲಿಯನ್ನು, ಯಾವ ಬಲದಿಂದ, ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಕಾಣುವುದಿಲ್ಲ. ಓಡುವಾಗ ಬ್ರೇಕ್ ಸ್ವಲ್ಪ ಸಡಿಲವಾದರೂ ಚಾಲಕನ ಕಾಲಿಗೆ ಅದು ತಿಳಿದುಬಿಡುತ್ತದೆ. ನಿಂತ ಗಾಡಿಯ ದೋಷ ತಿಳಿಯುವುದು ಮಾತ್ರ ಅದು ಉರುಳಲು ಶುರು ಮಾಡಿದ ಮೇಲೆ, ಮತ್ತು ಆಗ ಸಾಮಾನ್ಯವಾಗಿ ಸೀಟಿನಲ್ಲಿ ಯಾರೂ ಇರುವುದಿಲ್ಲ.

ಈ ಲೇಖನ ಲಾರಿ, ಟಿಪ್ಪರ್, ಮಿನಿ ಲಾರಿ ಮತ್ತು ಪಿಕಪ್ ಓಡಿಸುವವರಿಗೆ, ಅವುಗಳ ಮಾಲೀಕರಿಗೆ, ಹಾಗೆಯೇ ಅವುಗಳ ಸುತ್ತ ಲೋಡಿಂಗ್ ಕೆಲಸ ಮಾಡುವವರಿಗೆ ಉಪಯೋಗವಾಗಲಿ ಎಂದು ಬರೆದದ್ದು. ಬಿಡಿಭಾಗ ಬಿಚ್ಚಿ ಜೋಡಿಸುವ ಕೆಲಸವನ್ನು ತಿಳಿದ ಮೇಸ್ತ್ರಿಗೇ ಬಿಡಬೇಕು. ಇಲ್ಲಿ ಹೇಳಿರುವುದು ಚಾಲಕ ಮತ್ತು ಕ್ಲೀನರ್ ತಾವೇ ಮಾಡಬಹುದಾದ, ಮಾಡಲೇಬೇಕಾದ ಕೆಲಸ.

ಗಾಳಿ ಬಿಡಿಸುತ್ತದೆ, ಸ್ಪ್ರಿಂಗ್ ಹಿಡಿಯುತ್ತದೆ

ಪಿಕಪ್ ಮತ್ತು ಚಿಕ್ಕ ಸರಕು ವಾಹನಗಳಲ್ಲಿ ಕಾಲಿನ ಬ್ರೇಕ್ ಎಣ್ಣೆಯ ಒತ್ತಡದಿಂದ ಕೆಲಸ ಮಾಡುತ್ತದೆ. ಹ್ಯಾಂಡ್ ಬ್ರೇಕ್ ಒಂದು ಉಕ್ಕಿನ ಕೇಬಲ್ ಮೂಲಕ ಹಿಂದಿನ ಗಾಲಿಗಳ ಶೂಗಳನ್ನು, ಅಂದರೆ ಗಾಲಿಯ ಡ್ರಮ್ಮಿಗೆ ಒಳಗಿನಿಂದ ಒತ್ತುವ ಬ್ರೇಕ್ ಪಟ್ಟಿಗಳನ್ನು, ಎಳೆದು ಹಿಡಿಯುತ್ತದೆ. ಭಾರಿ ಲಾರಿಗಳ ವ್ಯವಸ್ಥೆ ಬೇರೆ. ಎಂಜಿನ್ ಜೊತೆ ತಿರುಗುವ ಕಂಪ್ರೆಸರ್ ಗಾಳಿಯನ್ನು ಟ್ಯಾಂಕುಗಳಿಗೆ ತುಂಬುತ್ತದೆ. ಪೆಡಲ್ ಒತ್ತಿದಾಗ ಆ ಗಾಳಿ ಗಾಲಿಗಳ ಬಳಿಯ ಬ್ರೇಕ್ ಚೇಂಬರ್‌ಗೆ ಹೋಗಿ, ಒಳಗಿನ ರಾಡನ್ನು ಹೊರಕ್ಕೆ ತಳ್ಳಿ, ಸ್ಲ್ಯಾಕ್ ಅಡ್ಜಸ್ಟರ್ ಎಂಬ ತೋಳನ್ನು ತಿರುಗಿಸಿ, ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಇಲ್ಲಿಯವರೆಗಿನದು ಬಹುತೇಕ ಎಲ್ಲ ಚಾಲಕರಿಗೂ ಗೊತ್ತಿರುವ ಸಂಗತಿ.

ಹ್ಯಾಂಡ್ ಬ್ರೇಕಿನ ಕೆಲಸ ಇದಕ್ಕೆ ಉಲ್ಟಾ ನಡೆಯುತ್ತದೆ. ಹಿಂದಿನ ಆಕ್ಸಲ್‌ನ ಚೇಂಬರ್ ಎರಡು ಡಬ್ಬಿಗಳನ್ನು ಜೋಡಿಸಿದಂತೆ ಉದ್ದವಾಗಿರುತ್ತದೆ. ಅದರ ಹಿಂದಿನ ಭಾಗದಲ್ಲಿ ದಪ್ಪನೆಯ ಸ್ಪ್ರಿಂಗ್ ಒಂದು ಅಡಗಿ ಕುಳಿತಿರುತ್ತದೆ. ಲಾರಿ ಓಡುವಾಗ ಗಾಳಿಯ ಒತ್ತಡ ಆ ಸ್ಪ್ರಿಂಗನ್ನು ಹಿಂದಕ್ಕೆ ಅದುಮಿ ಹಿಡಿದಿರುತ್ತದೆ. ಚಾಲಕ ಹ್ಯಾಂಡ್ ಬ್ರೇಕ್ ಲಿವರ್ ಎಳೆದಾಗ ಆ ಗಾಳಿ "ಬುಸ್" ಎಂದು ಹೊರಹೋಗಿ, ಸ್ಪ್ರಿಂಗ್ ತನ್ನ ಬಲದಿಂದಲೇ ರಾಡನ್ನು ತಳ್ಳಿ ಗಾಲಿಯನ್ನು ಹಿಡಿಯುತ್ತದೆ. ಆದ್ದರಿಂದ ಗಾಳಿ ಪೂರ್ತಿ ಸೋರಿಹೋದರೂ ಗಾಲಿ ಹಿಡಿದೇ ಇರುತ್ತದೆ. ವಿನ್ಯಾಸದ ದೃಷ್ಟಿಯಿಂದ ಇದು ಒಳ್ಳೆಯ ಏರ್ಪಾಡು. ಆದರೆ ಇದರಿಂದ ಮೂರು ಸಂಗತಿಗಳು ಹುಟ್ಟುತ್ತವೆ, ಮತ್ತು ಈ ಲೇಖನದ ಬಹುಪಾಲು ಸೂಚನೆಗಳು ಆ ಮೂರರಿಂದಲೇ ಬಂದಿವೆ: ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಗಾಲಿಗಳನ್ನು ಮಾತ್ರ ಹಿಡಿಯುತ್ತದೆ, ಸ್ಪ್ರಿಂಗ್ ಚಾಚಿಕೊಂಡಷ್ಟೂ ಅದರ ಬಲ ಕಡಿಮೆಯಾಗುತ್ತದೆ, ಗಾಳಿ ಮತ್ತೆ ತುಂಬಿದರೆ, ಲಿವರ್ ಬಿಟ್ಟ ಸ್ಥಿತಿಯಲ್ಲಿದ್ದಾಗ, ಹಿಡಿತ ತಾನಾಗಿಯೇ ಬಿಟ್ಟುಹೋಗುತ್ತದೆ.

ಬೆಳಿಗ್ಗೆ ಗಾಡಿ ತೆಗೆಯುವ ಮುನ್ನ

ಮೊದಲು ಗಾಲಿಗೆ ಎರಡೂ ಕಡೆ ಅಡ್ಡ ಕೊಡಿ, ಅಂದರೆ ಗಾಲಿ ಉರುಳದಂತೆ ದಿಮ್ಮಿ ಇಡಿ. ಪರೀಕ್ಷೆಯ ನಡುವೆ ಹ್ಯಾಂಡ್ ಬ್ರೇಕ್ ಬಿಡಬೇಕಾಗುವುದರಿಂದ ಇದನ್ನು ಬಿಟ್ಟು ಮುಂದಕ್ಕೆ ಹೋಗುವಂತಿಲ್ಲ. ಬಳಿಕ ಗಾಳಿ ಟ್ಯಾಂಕುಗಳ ಕೆಳಗಿನ ಡ್ರೈನ್ ವಾಲ್ವ್ ಎಳೆದು ನೀರು ಹೊರಹಾಕಿ. ಗಾಳಿಯಲ್ಲಿನ ತೇವ ಟ್ಯಾಂಕಿನಲ್ಲಿ ನೀರಾಗಿ ಕೂಡುತ್ತದೆ; ಅದು ವಾಲ್ವ್‌ಗಳ ಒಳಗೆ ತುಕ್ಕು ಹಿಡಿಸುತ್ತದೆ, ಗಾಳಿಗೆ ಇರಬೇಕಾದ ಜಾಗವನ್ನೂ ತಿನ್ನುತ್ತದೆ. ಗಾಳಿಯ ತೇವ ತೆಗೆಯುವ ಏರ್ ಡ್ರೈಯರ್ ಇರುವ ಗಾಡಿಯಲ್ಲಿ ನೀರು ಬರಲೇಬಾರದು. ಬಂದರೆ ಡ್ರೈಯರ್‌ನ ಫಿಲ್ಟರ್ ಬದಲಿಸುವ ಸಮಯ ಬಂದಿದೆ ಎಂದು ತಿಳಿಯಬೇಕು, ಕಂದು ಬಣ್ಣದ ಎಣ್ಣೆ ಬೆರೆತ ನೀರು ಬಂದರೆ ಕಂಪ್ರೆಸರ್ ಎಣ್ಣೆ ಎಸೆಯುತ್ತಿದೆ ಎಂದು ಮೇಸ್ತ್ರಿಗೆ ಹೇಳಬೇಕು.

ಆಮೇಲೆ ಎಂಜಿನ್ ಚಾಲೂ ಮಾಡಿ ಗೇಜಿನ ಎರಡೂ ಮುಳ್ಳುಗಳು ಏರುವುದನ್ನು ನೋಡಿ. ಎರಡು ಮುಳ್ಳುಗಳಿರುವುದು ಮುಂದಿನ ಮತ್ತು ಹಿಂದಿನ ಬ್ರೇಕುಗಳಿಗೆ ಬೇರೆ ಬೇರೆ ಟ್ಯಾಂಕು, ಬೇರೆ ಬೇರೆ ದಾರಿ ಇರುವುದರಿಂದ. ಒಂದು ದಾರಿ ಒಡೆದರೂ ಇನ್ನೊಂದು ಉಳಿಯಲಿ ಎಂಬುದು ಅದರ ಉದ್ದೇಶ. ಒತ್ತಡ ಸಾಮಾನ್ಯವಾಗಿ ಎಂಟು ಕೇಜಿ (ಚದರ ಸೆಂಟಿಮೀಟರಿಗೆ) ಆಸುಪಾಸಿಗೆ ಬಂದಾಗ ಕಂಪ್ರೆಸರಿನ ಹೆಚ್ಚುವರಿ ಗಾಳಿ ಹೊರಬಿಡುವ ಸದ್ದು ಕೇಳುತ್ತದೆ. ನಿಮ್ಮ ಗಾಡಿಯ ನಿಖರ ಅಂಕಿಯನ್ನು ಕಂಪನಿಯ ಪುಸ್ತಕದಲ್ಲಿ ನೋಡಿಕೊಳ್ಳಿ. ಒಂದು ಮುಳ್ಳು ಏರಿ ಇನ್ನೊಂದು ಹಿಂದುಳಿದರೆ ಆ ಗಾಡಿ ಆ ದಿನ ಲೋಡ್ ಎತ್ತಬಾರದು.

ಈಗ ಎಂಜಿನ್ ನಿಲ್ಲಿಸಿ, ಕೀ ಮಾತ್ರ ಆನ್ ಇಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಪೆಡಲನ್ನು ಪೂರ್ತಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಒತ್ತಿದ ಕೂಡಲೇ ಮುಳ್ಳು ಒಮ್ಮೆ ಇಳಿಯುವುದು ಸಹಜ. ಆಮೇಲೆ ಅದು ನಿಂತಲ್ಲೇ ನಿಲ್ಲಬೇಕು. ಅಮೆರಿಕದಲ್ಲಿ ಭಾರಿ ವಾಹನದ ಪರವಾನಗಿ ಪರೀಕ್ಷೆಯಲ್ಲಿ ಒಂಟಿ ಲಾರಿಗೆ ನಿಮಿಷಕ್ಕೆ 3 ಪಿಎಸ್‌ಐ, ಅಂದರೆ ನಮ್ಮ ಗೇಜಿನಲ್ಲಿ ಸುಮಾರು 0.2 ಕೇಜಿಗಿಂತ ಹೆಚ್ಚು ಇಳಿದರೆ ಆ ಗಾಡಿಯನ್ನು ಒಪ್ಪುವುದಿಲ್ಲ. ಆ ಅಳತೆಯನ್ನೇ ಇಲ್ಲಿಯೂ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ಮುಳ್ಳು ಕಣ್ಣೆದುರೇ ಜಾರುತ್ತಿದ್ದರೆ ಕ್ಲೀನರ್ ಗಾಡಿಯ ಸುತ್ತ ನಡೆದು ಕಿವಿಗೊಡಲಿ. ಸದ್ದು ಬರುವ ಜಾಯಿಂಟಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಬೆಳಗಿನ ಹೊತ್ತು ಸ್ಟ್ಯಾಂಡಿನಲ್ಲಿ ಅಕ್ಕಪಕ್ಕದ ಎಂಜಿನ್‌ಗಳು ಓಡುತ್ತಿದ್ದರೆ ಸಣ್ಣ ಸೋರಿಕೆ ಕೇಳಿಸುವುದೇ ಇಲ್ಲ. ಆದ್ದರಿಂದ ಈ ಪರೀಕ್ಷೆಯನ್ನು ಎಲ್ಲರಿಗಿಂತ ಮೊದಲು ಮಾಡುವವನಿಗೇ ಲಾಭ.

ಕೊನೆಗೆ ಪೆಡಲನ್ನು ಮತ್ತೆ ಮತ್ತೆ ಒತ್ತಿ ಬಿಟ್ಟು ಗಾಳಿಯನ್ನು ಬೇಕೆಂದೇ ಇಳಿಸಿ. ಒತ್ತಡ ಅಪಾಯದ ಮಟ್ಟಕ್ಕೆ ಇಳಿಯುವ ಮುನ್ನವೇ ಕೆಂಪು ದೀಪ ಹತ್ತಿ ಬಜರ್ ಕೂಗಬೇಕು. ಸುಮಾರು ನಾಲ್ಕು ಕೇಜಿಗೆ ಬಂದರೂ ಬಜರ್ ಸುಮ್ಮನಿದ್ದರೆ ಅದು ಕೆಟ್ಟಿದೆ ಎಂದೇ ಅರ್ಥ. ಕಿರಿಕಿರಿ ಎಂದು ಬಜರಿನ ವೈರ್ ಕಿತ್ತಿಟ್ಟ ಗಾಡಿಗಳೂ ರಸ್ತೆಯಲ್ಲಿವೆ, ಅದಕ್ಕೆ ಏನು ಹೇಳುವುದು! ಇನ್ನೂ ಒತ್ತುತ್ತಾ ಹೋದರೆ ಸ್ಪ್ರಿಂಗ್ ತಾನಾಗಿಯೇ ಗಾಲಿಯನ್ನು ಹಿಡಿಯಬೇಕು. ಇಷ್ಟಾದ ಮೇಲೆ ಮೊದಲು ಲಿವರನ್ನು ಪಾರ್ಕಿಂಗ್ ಸ್ಥಿತಿಗೆ ತಂದು, ನಂತರವೇ ಎಂಜಿನ್ ಚಾಲೂ ಮಾಡಿ ಗಾಳಿ ತುಂಬಿಸಿ.

ಎಣ್ಣೆಯ ಬ್ರೇಕಿನ ಗಾಡಿಗೆ ಇಷ್ಟು ಕೆಲಸವಿಲ್ಲ. ಎಂಜಿನ್ ನಿಲ್ಲಿಸಿ ಪೆಡಲನ್ನು ನಾಲ್ಕೈದು ಬಾರಿ ಒತ್ತಿ, ಒತ್ತಿದಂತೆಯೇ ಹಿಡಿದು ಎಂಜಿನ್ ಚಾಲೂ ಮಾಡಿದರೆ ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿದರೆ ಕಾಲಿನ ಒತ್ತಿಗೆ ಬಲ ಸೇರಿಸುವ ವ್ಯಾಕ್ಯೂಮ್ ಬೂಸ್ಟರ್ ಸರಿಯಿದೆ. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ. ಗಟ್ಟಿಯಾಗಿ ನಿಂತು ನಿಧಾನವಾಗಿ ಕುಸಿಯುತ್ತಾ ಹೋದರೆ, ಹೊರಗೆ ಎಲ್ಲೂ ಸೋರಿಕೆ ಇಲ್ಲದಿದ್ದರೆ, ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಸೋತಿದೆ. ಬ್ರೇಕ್ ಎಣ್ಣೆ ಕಡಿಮೆಯಾಗಿದೆ ಎಂದು ಕೈಗೆ ಸಿಕ್ಕ ಎಂಜಿನ್ ಆಯಿಲ್ ಸುರಿಯುವುದು ಅತಿ ದೊಡ್ಡ ತಪ್ಪು, ಏಕೆಂದರೆ ಅದು ವ್ಯವಸ್ಥೆಯ ಎಲ್ಲ ರಬ್ಬರುಗಳನ್ನು ಉಬ್ಬಿಸಿ ಕೆಡಿಸುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಎಣ್ಣೆ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಹಳೆಯದಾಗಿ ತೇವ ಹೀರಿಕೊಂಡ ಮೇಲೆ ಅದರ ಕನಿಷ್ಠ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ಮಟ್ಟ ಸರಿಯಿದ್ದರೂ ಹಳೆಯ ಎಣ್ಣೆಯನ್ನು ಬದಲಿಸಬೇಕು ಎಂದು ಕಂಪನಿಗಳು ಹೇಳುವುದು ಈ ಕಾರಣಕ್ಕೆ.

ಸ್ಲ್ಯಾಕ್ ಅಡ್ಜಸ್ಟರ್ ಎಂಬ ತೋಳು

ಏರ್ ಬ್ರೇಕಿನ ಆರೋಗ್ಯ ಅರ್ಧದಷ್ಟು ಇಲ್ಲಿಯೇ ನಿಂತಿದೆ ಎಂದರೆ ಹೆಚ್ಚಲ್ಲ. ಶೂ ಮೇಲಿನ ಉಜ್ಜುವ ಪದರ, ಅಂದರೆ ಲೈನರ್, ಸವೆದಂತೆ ಶೂ ಮತ್ತು ಡ್ರಮ್ಮಿನ ನಡುವಿನ ಅಂತರ ಹೆಚ್ಚುತ್ತದೆ, ಚೇಂಬರಿನ ರಾಡ್ ಹೆಚ್ಚು ದೂರ ಚಾಚಬೇಕಾಗುತ್ತದೆ. ರಾಡ್ ತನ್ನ ಮಿತಿಯ ಹತ್ತಿರ ಬಂದ ಮೇಲೆ ಕಾಲಿನ ಬ್ರೇಕೂ ಸೋಲುತ್ತದೆ, ಸ್ಪ್ರಿಂಗ್ ಹಿಡಿತವೂ ಸೋಲುತ್ತದೆ. ಚಾಚಿದ ಸ್ಪ್ರಿಂಗಿನಲ್ಲಿ ಬಲ ಉಳಿದಿರುವುದಿಲ್ಲ. ಖಾಲಿ ಗಾಡಿಯನ್ನು ಹಿಡಿಯುತ್ತಿದ್ದ ಹ್ಯಾಂಡ್ ಬ್ರೇಕ್ ಲೋಡ್ ಆದ ಮೇಲೆ ಜಾರುವುದಕ್ಕೆ ಗ್ಯಾರೇಜಿನಲ್ಲಿ ಹೆಚ್ಚಾಗಿ ಸಿಗುವ ಕಾರಣ ಇದು.

ಇದನ್ನು ನೋಡಲು ಇಬ್ಬರು ಬೇಕು. ಸಮತಟ್ಟಾದ ಜಾಗದಲ್ಲಿ, ಗಾಲಿಗೆ ಅಡ್ಡ ಕೊಟ್ಟು, ಎಂಜಿನ್ ನಿಲ್ಲಿಸಿ, ಕೀಯನ್ನು ಕೆಳಗೆ ಹೋಗುವವನ ಜೇಬಿನಲ್ಲಿ ಇರಿಸಿ, ಹ್ಯಾಂಡ್ ಬ್ರೇಕ್ ಬಿಡಿ. ಕೆಳಗಿರುವವನು ರಾಡ್ ಚೇಂಬರಿನಿಂದ ಹೊರಬರುವ ಅಂಚಿನಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಲಿ. ಒಳಗೊಬ್ಬ ಆರು ಕೇಜಿ ಆಸುಪಾಸಿನ ಒತ್ತಡದಲ್ಲಿ ಪೆಡಲನ್ನು ಪೂರ್ತಿ ಒತ್ತಿ ಹಿಡಿಯಲಿ. ಗೆರೆ ಎಷ್ಟು ಮುಂದೆ ಬಂತು ಎಂದು ಟೇಪಿನಿಂದ ಅಳೆಯಿರಿ. ಸಾಮಾನ್ಯ ಸ್ಟ್ರೋಕಿನ 30ರ ಅಳತೆಯ ಚೇಂಬರಿಗೆ ಸುಮಾರು 50 ಮಿಲಿಮೀಟರ್, 20 ಮತ್ತು 24ರ ಅಳತೆಯವಕ್ಕೆ ಸುಮಾರು 45 ಮಿಲಿಮೀಟರ್ ಮಿತಿ. ಮಿತಿ ಮುಟ್ಟುವ ತನಕ ಕಾಯುವುದು ಜಾಣತನವಲ್ಲ. ಒಂದೇ ಆಕ್ಸಲ್‌ನ ಎಡ ಮತ್ತು ಬಲದ ಅಳತೆಯಲ್ಲಿ ಹೆಚ್ಚು ವ್ಯತ್ಯಾಸವಿದ್ದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಕೈಯಿಂದ ಬಿಗಿಮಾಡುವ ಹಳೆಯ ಅಡ್ಜಸ್ಟರ್ ಆದರೆ ಮೇಸ್ತ್ರಿ ಸ್ಪ್ಯಾನರ್ ಹಾಕಿ ಶೂ ಡ್ರಮ್ಮಿಗೆ ತಾಗುವ ತನಕ ತಿರುಗಿಸಿ, ಮತ್ತೆ ಸ್ವಲ್ಪ ಸಡಿಲ ಬಿಡುತ್ತಾನೆ. ತಾನಾಗಿ ಬಿಗಿಯಾಗುವ ಆಟೊಮ್ಯಾಟಿಕ್ ಅಡ್ಜಸ್ಟರಿಗೂ ಇದೇ ಚಿಕಿತ್ಸೆ ಮಾಡುವ ಅಭ್ಯಾಸ ಹಲವು ಕಡೆ ಇದೆ, ಮತ್ತು ಅದು ತಪ್ಪು. ಆಟೊಮ್ಯಾಟಿಕ್ ಅಡ್ಜಸ್ಟರ್ ಮತ್ತೆ ಮತ್ತೆ ಸಡಿಲವಾಗುತ್ತಿದೆ ಎಂದರೆ ಅಡ್ಜಸ್ಟರ್ ಕೆಟ್ಟಿದೆ, ಇಲ್ಲವೇ ಬುಷ್, ಕ್ಯಾಮ್, ಡ್ರಮ್‌ಗಳಲ್ಲಿ ಯಾವುದೋ ಸವೆದಿದೆ. ಕೈಯಿಂದ ಬಿಗಿಮಾಡಿದರೆ ದೋಷ ಕೆಲವು ದಿನ ಮರೆಯಾಗಿ ಮತ್ತೆ ತಲೆ ಎತ್ತುತ್ತದೆ. ಭೀಮಸಮುದ್ರ, ಹೊಳಲ್ಕೆರೆ ಕಡೆಯ ಅದಿರಿನ ದಾರಿಗಳಲ್ಲಿ ಮತ್ತು ಕ್ರಷರುಗಳಲ್ಲಿ ದುಡಿಯುವ ಟಿಪ್ಪರುಗಳಲ್ಲಿ ಧೂಳು ಗ್ರೀಸಿನೊಂದಿಗೆ ಕಲಸಿ ಈ ತೋಳಿನ ಸುತ್ತ ಗಟ್ಟಿ ಹೆಂಟೆಯಾಗಿ ಕೂರುತ್ತದೆ. ಅಂಥ ಗಾಡಿಗಳಿಗೆ ಗ್ರೀಸ್ ಹೊಡೆಯುವ ಅವಧಿಯನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇಟ್ಟುಕೊಳ್ಳಬೇಕು. ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದು, ಅದರ ಪುಡಿ ಶ್ವಾಸಕೋಶಕ್ಕೆ ಹೋದರೆ ವಾಸಿಯಾಗದ ರೋಗ ತರುತ್ತದೆ; ಒದ್ದೆ ಬಟ್ಟೆಯಿಂದ ಒರೆಸುವುದು ಸರಿ.

ನಿಲ್ಲಿಸುವ ಕ್ರಮ

ಮೊದಲನೆಯದು ಜಾಗದ ಆಯ್ಕೆ. ಹತ್ತು ಹೆಜ್ಜೆ ಹೆಚ್ಚು ನಡೆಯಬೇಕಾದರೂ ಸಮತಟ್ಟಾದ ಜಾಗ ಹುಡುಕಿ. ವೇಬ್ರಿಡ್ಜ್‌ನ ಇಳಿಜಾರು, ಪೆಟ್ರೋಲ್ ಬಂಕಿನಿಂದ ಹೆದ್ದಾರಿಗೆ ಇಳಿಯುವ ಬಾಯಿ, ಕ್ವಾರಿಯ ಏರು, ಮನೆ ಕಟ್ಟುವಲ್ಲಿ ಜಲ್ಲಿ ಸುರಿಯುವ ಓಣಿ ಇವೆಲ್ಲ ಒಂದು ನಿಮಿಷ ನಿಲ್ಲಿಸುವ ಜಾಗಗಳೆಂದು ಅನಿಸುತ್ತವೆ, ಆದರೆ ಚಾಲಕ ಸೀಟು ಬಿಟ್ಟು ಇಳಿದ ಮೇಲೆ ಒಂದು ನಿಮಿಷಕ್ಕೂ ಒಂದು ರಾತ್ರಿಗೂ ಕ್ರಮ ಒಂದೇ.

ಕಾಲಿನ ಬ್ರೇಕಿನಿಂದ ಗಾಡಿಯನ್ನು ಪೂರ್ತಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಲಿವರನ್ನು ಕೊನೆಯವರೆಗೂ ಎಳೆಯಿರಿ. ಏರ್ ಬ್ರೇಕ್ ಲಾರಿಯ ಲಿವರ್ ಕೊನೆಗೆ ಬಂದಾಗ ಒಂದು ಖಾಂಚಿನಲ್ಲಿ ಕೂರುತ್ತದೆ, ಮತ್ತೆ ಬಿಡಬೇಕಾದರೆ ಹಿಡಿಕೆಯ ಕೊರಳನ್ನು ಎತ್ತಿಯೇ ಬಿಡಬೇಕು. ಅದು ಖಾಂಚಿನಲ್ಲಿ ಕೂರದೆ ನಡುವೆ ನಿಂತಿದ್ದರೆ ಗಾಳಿ ಅರ್ಧ ಮಾತ್ರ ಹೊರಹೋಗಿರುತ್ತದೆ, ಒಂದು ಮೊಣಕಾಲು ತಾಗಿದರೂ ಲಿವರ್ ಹಿಂದಕ್ಕೆ ಹಾರುತ್ತದೆ. ಸದ್ದು ಕೇಳಿದರೆ ಸಾಲದು. ಕೈಯಿಂದ ಲಿವರನ್ನು ಒಮ್ಮೆ ಮುಂದಕ್ಕೆ ತಳ್ಳಿ ಅದು ಬರುವುದಿಲ್ಲ ಎಂದು ನೋಡಿಕೊಳ್ಳಬೇಕು.

ಬಳಿಕ, ಎಂಜಿನ್ ಓಡುತ್ತಿರುವಾಗಲೇ, ಗೇರ್ ನ್ಯೂಟ್ರಲ್‌ನಲ್ಲೇ ಇರುವಾಗ, ಕಾಲನ್ನು ಪೆಡಲಿನಿಂದ ನಿಧಾನವಾಗಿ ಮೇಲೆತ್ತಿ, ರಸ್ತೆ ಬದಿಯ ಒಂದು ಕಂಬವನ್ನೋ ಗೋಡೆಯನ್ನೋ ನೋಡುತ್ತಾ ಕೆಲವು ಕ್ಷಣ ಸುಮ್ಮನೆ ಕೂರಿ. ಈ ಹೆಜ್ಜೆಯನ್ನು ಎಲ್ಲರೂ ಹಾರಿಸುತ್ತಾರೆ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಕ್ರಮದಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ಇನ್ನೊಂದಿಲ್ಲ. ಗೇರ್ ಹಾಕಿ ಎಂಜಿನ್ ನಿಲ್ಲಿಸಿದ ಮೇಲೆ ಗಾಡಿಯನ್ನು ಗೇರ್ ಹಿಡಿದಿದೆಯೋ ಹ್ಯಾಂಡ್ ಬ್ರೇಕ್ ಹಿಡಿದಿದೆಯೋ ತಿಳಿಯಲು ದಾರಿಯೇ ಇರುವುದಿಲ್ಲ. ಗಾಡಿ ಬೆರಳಿನಷ್ಟು ಕದಲಿದರೂ ಆ ಹ್ಯಾಂಡ್ ಬ್ರೇಕನ್ನು ನಂಬಬೇಡಿ. ಬೇರೆ ಜಾಗಕ್ಕೆ ಹೋಗಿ.

ಹಿಡಿತ ಖಚಿತವಾದ ಮೇಲೆ ಎಂಜಿನ್ ನಿಲ್ಲಿಸಿ ಗೇರ್ ಹಾಕಿ. ಗಾಡಿಯ ಮುಖ ಏರಿನ ಕಡೆಗಿದ್ದರೆ ಒಂದನೇ ಗೇರ್, ಇಳಿಜಾರಿನ ಕಡೆಗಿದ್ದರೆ ರಿವರ್ಸ್. "ಗೇರಿನಾಗೈತಿ ಬಿಡಣ್ಣ, ಏನಾಗಲ್ಲ" ಎಂಬ ಮಾತು ನಮ್ಮ ಸ್ಟ್ಯಾಂಡುಗಳಲ್ಲಿ ದಿನವೂ ಕೇಳುತ್ತದೆ. ಗೇರ್ ಹಿಡಿಯುವುದು ಎಂಜಿನ್ ಸಿಲಿಂಡರಿನಲ್ಲಿ ಅದುಮಿದ ಗಾಳಿಯಿಂದ. ಆ ಗಾಳಿ ನಿಧಾನವಾಗಿ ಜಾರುತ್ತದೆ, ಲೋಡ್ ಲಾರಿ ಒಂದೊಂದೇ ತಳ್ಳು ಮುಂದಕ್ಕೆ ಹೋಗಬಹುದು, ಗೇರ್ ಹಾರಿದರೆ ಮುಗಿದೇ ಹೋಯಿತು. ಅದು ಎರಡನೆಯ ಆಸರೆ ಮಾತ್ರ.

ಇಳಿಜಾರಿನಲ್ಲಿ ಸ್ಟೀರಿಂಗನ್ನೂ ತಿರುಗಿಸಿಡಬೇಕು. ಎಡಬದಿಯಲ್ಲಿ ಇಳಿಮುಖವಾಗಿ ನಿಲ್ಲಿಸಿದರೆ ಮುಂದಿನ ಗಾಲಿ ಎಡಕ್ಕೆ. ಏರುಮುಖವಾಗಿದ್ದು ಬದಿಯಲ್ಲಿ ಕಟ್ಟೆಯಿದ್ದರೆ ಬಲಕ್ಕೆ ತಿರುಗಿಸಿ, ಗಾಲಿಯ ಹಿಂಭಾಗ ಕಟ್ಟೆಗೆ ಒರಗುವಂತೆ ಮಾಡಿ. ಕಟ್ಟೆ ಇಲ್ಲದಿದ್ದರೆ ಎಡಕ್ಕೇ ತಿರುಗಿಸಿ. ಒಂದು ವೇಳೆ ಗಾಡಿ ಉರುಳಿದರೂ ಅದು ರಸ್ತೆಯ ಮಧ್ಯಕ್ಕೆ ಬರದೆ ಬದಿಗೆ ಹೋಗುತ್ತದೆ. ಕೀ ತೆಗೆದುಕೊಂಡು ಇಳಿಯಿರಿ.

ಕಲ್ಲು ಕೊಡುವುದು

ಗಾಲಿಗೆ ಕಲ್ಲು ಕೊಡುವುದನ್ನು ಹ್ಯಾಂಡ್ ಬ್ರೇಕ್ ಇಲ್ಲದ ಕಾಲದ ರೂಢಿ ಎಂದು ಹೊಸ ಗಾಡಿಯ ಚಾಲಕರು ಕೆಲವೊಮ್ಮೆ ನಗುತ್ತಾರೆ. ವಿಶ್ವಸಂಸ್ಥೆಯ ವಾಹನ ನಿಯಮ 13ರ ಪ್ರಕಾರ ಪೂರ್ತಿ ಲೋಡ್ ಆದ ಒಂಟಿ ಲಾರಿಯನ್ನು ಅದರ ಹ್ಯಾಂಡ್ ಬ್ರೇಕ್ ಶೇಕಡ 18ರ ಇಳಿಜಾರಿನ ಮೇಲೆ, ಅಂದರೆ ನೂರು ಮೀಟರಿಗೆ ಹದಿನೆಂಟು ಮೀಟರ್ ಏರುವ ಕಡೆ, ಹಿಡಿದು ನಿಲ್ಲಿಸಬೇಕು. ಅದು ಒಳ್ಳೆಯ ಸ್ಥಿತಿಯ ಬ್ರೇಕಿಗೆ, ಅಧಿಕೃತ ತೂಕಕ್ಕೆ ಹೇಳಿದ ಮಾತು. ಸವೆದ ಲೈನರಿನ ಮೇಲೆ ಮಿತಿಮೀರಿದ ಲೋಡ್ ಹೇರಿದ ಗಾಡಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಇನ್ನೊಂದು ಸಂಗತಿ: ಘಾಟಿ ಇಳಿದು ಬಂದ ಕೂಡಲೇ ಡ್ರಮ್ ಕಾದು ಹಿಗ್ಗಿರುತ್ತದೆ, ರಾಡ್ ಹೆಚ್ಚು ಚಾಚಬೇಕಾಗುತ್ತದೆ, ಸ್ಪ್ರಿಂಗಿನ ಹಿಡಿತ ತಣ್ಣಗಿದ್ದಾಗಿನಷ್ಟು ಇರುವುದಿಲ್ಲ. ಬಿಸಿ ಬ್ರೇಕಿನ ಗಾಡಿಗೆ ಅಡ್ಡ ಕೊಡದೆ ಚಹಾಕ್ಕೆ ಹೋಗುವುದು ಸರಿಯಲ್ಲ.

ಅಡ್ಡ ಕೊಡುವ ವಸ್ತು ದುಂಡಗಿರಬಾರದು. ರಸ್ತೆ ಬದಿಯ ದುಂಡುಗಲ್ಲು ಲೋಡ್ ಗಾಲಿಯ ಕೆಳಗೆ ತಾನೇ ಉರುಳುತ್ತದೆ ಅಥವಾ ಪಕ್ಕಕ್ಕೆ ಸಿಡಿಯುತ್ತದೆ, ಇಟ್ಟಿಗೆ ಪುಡಿಯಾಗುತ್ತದೆ. ಗಟ್ಟಿ ಮರದಲ್ಲಿ ಕೊಯ್ಯಿಸಿದ ಮೂರು ಮೂಲೆಯ ದಿಮ್ಮಿ ಅಥವಾ ಅಂಗಡಿಯಲ್ಲಿ ಸಿಗುವ ರಬ್ಬರಿನ ಅಡ್ಡಗಟ್ಟೆ ಬೇಕು, ಅದರ ಎತ್ತರ ಟೈರಿನ ಎತ್ತರದ ಕಾಲು ಭಾಗದಷ್ಟಿರಬೇಕು. ದೊಡ್ಡ ಲಾರಿಯ ಟೈರಿಗೆ ಅದು ಹೆಚ್ಚುಕಡಿಮೆ ಒಂದು ಗೇಣಿಗಿಂತ ತುಸು ಹೆಚ್ಚು. ಅದನ್ನು ಹಿಂದಿನ ಗಾಲಿಯ ನಡುಮಧ್ಯಕ್ಕೆ, ಟೈರಿಗೆ ಅಂಟಿಕೊಳ್ಳುವಂತೆ ಇಡಬೇಕು. ದೂರವಿಟ್ಟರೆ ಗಾಡಿ ವೇಗ ಪಡೆದು ಹತ್ತಿ ದಾಟಿಬಿಡುತ್ತದೆ. ಇಳಿಜಾರಿನಲ್ಲಿ ಎರಡೂ ಬದಿಯ ಗಾಲಿಗಳ ಇಳಿಕಡೆಗೆ, ಸಮತಟ್ಟಿನಲ್ಲಿ ಒಂದು ಗಾಲಿಯ ಹಿಂದೆ ಮುಂದೆ ಎರಡೂ ಕಡೆ. ಇಡುವವನು ಗಾಡಿಯ ಪಕ್ಕದಲ್ಲಿ ನಿಂತು ಕೈ ಚಾಚಬೇಕೇ ಹೊರತು ಗಾಲಿಯ ದಾರಿಯಲ್ಲಿ ಕುಕ್ಕರಗಾಲಿನಲ್ಲಿ ಕೂರಬಾರದು.

ತೆಗೆಯುವುದೂ ಇಡುವಷ್ಟೇ ಮುಖ್ಯ. 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಿರಿಯೂರಿನಿಂದ ಹರಿಹರದವರೆಗೆ, ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ 50ರಲ್ಲಿ, ಕೆಟ್ಟು ನಿಂತ ಲಾರಿ ದುರಸ್ತಿಯಾಗಿ ಹೊರಟ ಮೇಲೆ ಅದರ ಸುತ್ತ ಇಟ್ಟ ಕಲ್ಲುಗಳು ಅಲ್ಲಿಯೇ ಬಿದ್ದಿರುವುದನ್ನು ಕಾಣಬಹುದು. ಕತ್ತಲಲ್ಲಿ ಬರುವ ಬೈಕಿನವನಿಗೆ ಆ ಕಲ್ಲು ಪ್ರಾಣಾಂತಿಕ. ದಿಮ್ಮಿಗೆ ಹಗ್ಗ ಕಟ್ಟಿ ಅದರ ತುದಿಯನ್ನು ಬಾಗಿಲಿನ ಹಿಡಿಕೆಗೆ ಸಿಕ್ಕಿಸಿದರೆ ಚಾಲಕ ಹತ್ತುವಾಗ ಅದು ನೆನಪಿಗೆ ಬರುತ್ತದೆ.

ಗಾಳಿ ಇಳಿದು ತಾನೇ ನಿಂತ ಲಾರಿ

ಓಡುವಾಗ ಗಾಳಿಯ ಪೈಪ್ ಒಡೆದು, ಬಜರ್ ಕೂಗಿ, ಸ್ಪ್ರಿಂಗ್ ಹಿಡಿದು ಲಾರಿ ರಸ್ತೆ ಬದಿಯಲ್ಲಿ ನಿಲ್ಲುತ್ತದೆ ಎಂದುಕೊಳ್ಳಿ. ಚಾಲಕ ಹ್ಯಾಂಡ್ ಬ್ರೇಕ್ ಎಳೆದಿರುವುದಿಲ್ಲ, ಏಕೆಂದರೆ ಗಾಡಿ ಕದಲುತ್ತಲೇ ಇಲ್ಲ. ಮೇಸ್ತ್ರಿ ಬರುತ್ತಾನೆ, ಕೆಳಗೆ ತೂರಿ ಪೈಪ್ ಕಟ್ಟುತ್ತಾನೆ, "ಸ್ಟಾರ್ಟ್ ಮಾಡಪ್ಪ, ಗಾಳಿ ನಿಲ್ತತೇನು ನೋಡಾಣ" ಎನ್ನುತ್ತಾನೆ. ಹುಡುಗ ಕೀ ತಿರುಗಿಸಿ ಇಳಿದು ಬರುತ್ತಾನೆ. ಕೆಲವು ನಿಮಿಷಗಳಲ್ಲಿ ಒತ್ತಡ ಏರಿ ಸ್ಪ್ರಿಂಗನ್ನು ಹಿಂದಕ್ಕೆ ಅದುಮುತ್ತದೆ, ಗಾಲಿಗಳು ಸದ್ದಿಲ್ಲದೆ ಬಿಡುಗಡೆಯಾಗುತ್ತವೆ. ಮೇಸ್ತ್ರಿ ಇನ್ನೂ ಕೆಳಗೇ ಇರುತ್ತಾನೆ.

ಆದ್ದರಿಂದ ಲಾರಿ ಯಾವ ಕಾರಣಕ್ಕೆ ನಿಂತಿದ್ದರೂ ಚಾಲಕ ಮಾಡಬೇಕಾದ ಮೊದಲ ಕೆಲಸ ಲಿವರನ್ನು ಪಾರ್ಕಿಂಗ್ ಖಾಂಚಿಗೆ ತರುವುದು, ಎರಡನೆಯದು ಗಾಲಿಗೆ ಅಡ್ಡ ಕೊಡುವುದು. ಪ್ರತಿಫಲಿಸುವ ತ್ರಿಕೋನ ಇಡುವುದು, ಮಾಲೀಕರಿಗೆ ಫೋನ್ ಮಾಡುವುದು ಆಮೇಲಿನ ಮಾತು.

ಹಿಡಿದ ಸ್ಪ್ರಿಂಗನ್ನು ಗಾಳಿಯಿಲ್ಲದೆ ಬಿಡಿಸಲು ಚೇಂಬರಿನ ಹಿಂದೆ ಒಂದು ಉದ್ದ ಬೋಲ್ಟ್ ಇರುತ್ತದೆ. ಅದನ್ನು ಬಿಗಿದರೆ ಆ ಗಾಲಿಯ ಹ್ಯಾಂಡ್ ಬ್ರೇಕ್ ಪೂರ್ತಿ ಹೋಯಿತು ಎಂದೇ ಲೆಕ್ಕ. ಗಾಲಿಗೆ ಅಡ್ಡ ಕೊಡದೆ, ಇಲ್ಲವೇ ಎಳೆಯುವ ಗಾಡಿಗೆ ಕಟ್ಟದೆ ಅದನ್ನು ಮುಟ್ಟಬಾರದು. ಸ್ಪ್ರಿಂಗ್ ಇರುವ ಡಬ್ಬಿಯ ಸುತ್ತಲಿನ ಪಟ್ಟಿಯನ್ನಂತೂ ಯಾರೂ ಬಿಚ್ಚಬಾರದು. ಒಳಗೆ ಅದುಮಿ ಕೂತಿರುವ ಸ್ಪ್ರಿಂಗಿನ ಬಲ ಸುಮಾರು ಒಂದು ಟನ್ನಿನ ಲೆಕ್ಕದ್ದು, ಡಬ್ಬಿ ತೆರೆದುಕೊಂಡರೆ ಎದುರಿಗಿದ್ದವರು ಉಳಿಯುವುದು ಕಷ್ಟ. ಕೆಟ್ಟ ಚೇಂಬರನ್ನು ಇಡಿಯಾಗಿ ಬದಲಿಸುವುದೇ ಸರಿಯಾದ ದಾರಿ, ಹಳೆಯದನ್ನು ಗುಜರಿಗೆ ಹಾಕುವ ಮುನ್ನ ಅದರೊಳಗೆ ಇನ್ನೂ ಜೀವವಿರುವ ಸ್ಪ್ರಿಂಗ್ ಇದೆ ಎಂದು ಅಂಗಡಿಯವರಿಗೆ ಹೇಳಬೇಕು.

ಜಾಕಿ ಹಾಕುವ ಮುನ್ನ

ಹ್ಯಾಂಡ್ ಬ್ರೇಕ್ ಹಿಂದಿನ ಗಾಲಿಗಳನ್ನು ಮಾತ್ರ ಹಿಡಿಯುವ ಗಾಡಿಯಲ್ಲಿ ಹಿಂದಿನ ಎರಡೂ ಬದಿಯನ್ನು ನೆಲದಿಂದ ಎತ್ತಿದರೆ ಗಾಡಿಯನ್ನು ಹಿಡಿಯಲು ಏನೂ ಉಳಿಯುವುದಿಲ್ಲ; ಮುಂದಿನ ಗಾಲಿಗಳು ಸ್ವತಂತ್ರವಾಗಿರುತ್ತವೆ. ಕೆಲವು ಹಳೆಯ ಮಿನಿ ಲಾರಿಗಳಲ್ಲಿ ಪರಿಸ್ಥಿತಿ ಇನ್ನೂ ನಾಜೂಕು. ಅವುಗಳ ಹ್ಯಾಂಡ್ ಬ್ರೇಕ್ ಗಾಲಿಯಲ್ಲಿರದೆ ಗೇರ್ ಬಾಕ್ಸಿನ ಹಿಂದೆ, ಉದ್ದದ ಶಾಫ್ಟಿನ ಮೇಲೆ ಇರುತ್ತದೆ. ಅಂಥ ಗಾಡಿಯ ಒಂದೇ ಒಂದು ಹಿಂದಿನ ಗಾಲಿಯನ್ನು ಎತ್ತಿದರೂ ಡಿಫರೆನ್ಷಿಯಲ್ ಮೂಲಕ ಎತ್ತಿದ ಗಾಲಿ ಉಲ್ಟಾ ತಿರುಗಿ, ನೆಲದ ಮೇಲಿರುವ ಗಾಲಿ ಉರುಳಲು ದಾರಿಯಾಗುತ್ತದೆ, ಲಿವರ್ ಎಷ್ಟೇ ಬಿಗಿಯಾಗಿ ಎಳೆದಿದ್ದರೂ. ಪಂಕ್ಚರ್ ಅಂಗಡಿಯ ಹುಡುಗರಿಗೆ ಇದನ್ನು ಹೇಳಿಕೊಡುವವರು ಕಡಿಮೆ. ಎತ್ತುವ ಗಾಲಿಯನ್ನು ಬಿಟ್ಟು ಉಳಿದ ಗಾಲಿಗಳಿಗೆ ಎರಡೂ ಕಡೆ ಅಡ್ಡ ಕೊಟ್ಟು, ಲೋಡ್ ಇಳಿಸಿ, ಜಾಕಿಯ ಜೊತೆಗೆ ಸ್ಟ್ಯಾಂಡ್ ಕೊಟ್ಟ ಮೇಲೆಯೇ ಕೆಳಗೆ ಹೋಗಬೇಕು.

ಟಿಪ್ಪರ್, ಟ್ರೇಲರ್, ಪಿಕಪ್

ಟಿಪ್ಪರಿನವರು ಬಾಡಿ ಎತ್ತುವ ಮುನ್ನ ಹ್ಯಾಂಡ್ ಬ್ರೇಕ್ ಹಾಕಿ, ನೆಲ ಅಡ್ಡಕ್ಕೆ ವಾಲಿಲ್ಲ ಎಂದು ನೋಡಿಕೊಳ್ಳಬೇಕು. ಕ್ವಾರಿಯ ಅಂಚಿನ ಮಣ್ಣಿನ ದಿಣ್ಣೆ ಎಚ್ಚರಿಕೆಯ ಗುರುತೇ ಹೊರತು ಹಿಂದಿನ ಗಾಲಿಗೆ ಒರಗುವ ಬ್ರೇಕ್ ಅಲ್ಲ.

ಟ್ರೇಲರುಗಳಲ್ಲಿ ಸ್ಪ್ರಿಂಗ್ ಚೇಂಬರ್ ಇಲ್ಲದವೂ ಇವೆ. ಎಳೆಯುವ ಗಾಡಿಯಿಂದ ಬಿಡಿಸಿದಾಗ ಅಂಥ ಟ್ರೇಲರನ್ನು ಹಿಡಿಯುವುದು ಅದರ ಸ್ವಂತ ಟ್ಯಾಂಕಿನಲ್ಲಿ ಉಳಿದ ಗಾಳಿ. ಸಂಜೆ ಗಟ್ಟಿಯಾಗಿ ಹಿಡಿದಿದ್ದ ಟ್ರೇಲರ್ ಗಾಳಿ ಸೋರಿ ಬೆಳಗಾಗುವಷ್ಟರಲ್ಲಿ ಸಡಿಲವಾಗಿರಬಹುದು. ಬಿಡಿಸುವ ಮುನ್ನ ಅಡ್ಡ ಕೊಡುವುದು ಇಲ್ಲಿ ಕಡ್ಡಾಯ. ಕಬ್ಬು, ಭತ್ತ ಸಾಗಿಸುವ ಟ್ರ್ಯಾಕ್ಟರ್ ಟ್ರೇಲರುಗಳಲ್ಲಿ ಬ್ರೇಕೇ ಇಲ್ಲದವು ಎಷ್ಟೋ. ರಸ್ತೆಗೆ ಬರುವ ಮುನ್ನ ಟ್ರ್ಯಾಕ್ಟರಿನ ಎಡ ಬಲ ಬ್ರೇಕ್ ಪೆಡಲುಗಳನ್ನು ಒಟ್ಟಿಗೆ ಕೊಂಡಿ ಹಾಕಿಕೊಳ್ಳುವುದನ್ನಾದರೂ ಮರೆಯಬಾರದು.

ಪಿಕಪ್ಪಿನ ಹ್ಯಾಂಡ್ ಬ್ರೇಕ್ ಲಿವರ್ ಆಕಾಶ ನೋಡುವಷ್ಟು ಮೇಲೆ ಬರುತ್ತಿದ್ದರೆ ಮೊದಲು ಹಿಂದಿನ ಶೂಗಳನ್ನು ಸರಿಹೊಂದಿಸಿ, ಆಮೇಲೆ ಕೇಬಲ್ ಬಿಗಿಯಬೇಕು. ಕೇಬಲನ್ನು ಮಾತ್ರ ಬಿಗಿದುಕೊಂಡು ಹೋದರೆ ಶೂಗಳು ಸದಾ ಉಜ್ಜಿಕೊಂಡು ಡ್ರಮ್ ಕಾಯುತ್ತದೆ.

ಎಲ್ಲ ಗಾಡಿಗಳಿಗೂ ಅನ್ವಯಿಸುವ, ವಾರಕ್ಕೊಮ್ಮೆ ಮಾಡುವ ಒಂದು ಪರೀಕ್ಷೆ ಇದೆ. ಮುಂದೆ ಹಿಂದೆ ಯಾರೂ ಇಲ್ಲದ ಸಮತಟ್ಟು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ಕೆಳ ಗೇರಿನಲ್ಲಿ ಕ್ಲಚ್ಚನ್ನು ಮೆಲ್ಲಗೆ ಬಿಡುತ್ತಾ ಬನ್ನಿ. ಎಂಜಿನ್ ಭಾರಕ್ಕೆ ತಗ್ಗಬೇಕು, ಗಾಡಿ ಕದಲಬಾರದು.

ಇಳಿಜಾರಿನಲ್ಲಿ ಓಡಿಸುವುದರ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಅಕ್ಕಿ, ಮೆಕ್ಕೆಜೋಳ ಹೇರಿಕೊಂಡು ಹುಲಿಕಲ್ ಘಾಟಿಯಂಥ ಕಡೆ ಇಳಿಯುವವರು ಏರುವಾಗ ಬೇಕಾದಷ್ಟೇ ಕೆಳಗಿನ ಗೇರನ್ನು ಇಳಿಯುವ ಮುನ್ನವೇ ಹಾಕಿಕೊಂಡು, ಎಂಜಿನ್ನಿನ ಹೊಗೆಯ ದಾರಿ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಬಳಸಬೇಕು. ಡೀಸೆಲ್ ಉಳಿಸಲು ಎಂಜಿನ್ ನಿಲ್ಲಿಸಿ ನ್ಯೂಟ್ರಲ್ ಬಿಡುವುದು ಕಂಪ್ರೆಸರನ್ನೂ ಬೂಸ್ಟರನ್ನೂ ನಿಲ್ಲಿಸಿದಂತೆ; ಉಳಿದ ಗಾಳಿ ಕೆಲವು ಒತ್ತುಗಳಲ್ಲಿ ಮುಗಿಯುತ್ತದೆ.

ಕಾನೂನು ಮತ್ತು ಮಾಲೀಕರ ಪಾಲು

1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಂ ನಿಂತ ವಾಹನಗಳ ಕುರಿತದ್ದು. ಚಾಲಕನ ಸೀಟಿನಲ್ಲಿ ಪರವಾನಗಿ ಇರುವವರು ಇರಬೇಕು, ಇಲ್ಲವಾದರೆ ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ ಅಥವಾ ಬೇರೆ ಕ್ರಮ ಕೈಗೊಂಡು, ಚಾಲಕ ಇಲ್ಲದಾಗ ವಾಹನ ಆಕಸ್ಮಿಕವಾಗಿ ಚಲಿಸದಂತೆ ಮಾಡಬೇಕು ಎಂದು ಅದು ಹೇಳುತ್ತದೆ. ಎಂಜಿನ್ ಓಡಿಸುತ್ತಾ ಚೀಟಿ ತರಲು ಇಳಿಯುವುದು ಸಾರ್ವಜನಿಕ ಸ್ಥಳದಲ್ಲಿ ಈ ಕಲಮಿಗೆ ವಿರುದ್ಧ. ಬ್ರೇಕ್ ಹೇಗಿರಬೇಕೆಂಬುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 96ನೇ ನಿಯಮದಲ್ಲಿದೆ. ಸರಕು ವಾಹನಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕು. ಎಫ್‌ಸಿಗೆ ಮುನ್ನ ಮಾತ್ರ ಬ್ರೇಕ್ ಬಿಗಿಸುವ ಮಾಲೀಕರು ಉಳಿದ ದಿನಗಳನ್ನು ಚಾಲಕನ ಅದೃಷ್ಟಕ್ಕೆ ಬಿಟ್ಟಂತೆ.

ಮಾಲೀಕರು ಗಾಡಿಯಲ್ಲಿ ಒಂದು ನೋಟ್ ಬುಕ್ ಇಡಿಸಬೇಕು. ಲೈನರ್ ಹಾಕಿಸಿದ ದಿನ, ಕಿಲೋಮೀಟರ್, ಪ್ರತಿ ಗಾಲಿಯ ರಾಡ್ ಅಳತೆ, ಬ್ರೇಕ್ ಎಣ್ಣೆ ಅಥವಾ ಡ್ರೈಯರ್ ಫಿಲ್ಟರ್ ಬದಲಿಸಿದ ದಿನ ಇಷ್ಟು ಅದರಲ್ಲಿದ್ದರೆ ಸಾಕು. ಚಾಲಕ ಬದಲಾದರೂ ಗಾಡಿಯ ಚರಿತ್ರೆ ಗಾಡಿಯಲ್ಲೇ ಉಳಿಯುತ್ತದೆ. ಹ್ಯಾಂಡ್ ಬ್ರೇಕ್ ಹಿಡಿಯುತ್ತಿಲ್ಲ ಎಂದು ಚಾಲಕ ಹೇಳಿದ ದಿನ "ಈ ಟ್ರಿಪ್ ಮುಗಿಸಿ ಬಾ" ಎನ್ನದೆ ಗಾಡಿಯನ್ನು ಗ್ಯಾರೇಜಿಗೆ ಕಳಿಸಬೇಕು, ಮತ್ತು ಆ ದಿನದ ಬಾಟಾವನ್ನು ಅವನಿಗೆ ಕೊಡಬೇಕು. ಕೂಲಿ ಕಳೆದುಕೊಳ್ಳುವ ಭಯವಿದ್ದಲ್ಲಿ ಯಾವ ಚಾಲಕನೂ ದೋಷವನ್ನು ಬಾಯಿಬಿಟ್ಟು ಹೇಳುವುದಿಲ್ಲ.